ಸೀಟಿನ ಕೆಳಗಿನ ಪಾನಾ

ನಾನು ಒಂದು ಪಾನಾ. ಕಾರಿನ ಗಾಲಿಯ ನಟ್ಟು ಬಿಚ್ಚುವ, ಬಿಗಿಯುವ, ಮೊಳದುದ್ದದ ಉಕ್ಕಿನ ಪಾನಾ. ಬೆಂಗಳೂರಿನವರು ನನ್ನನ್ನು ವೀಲ್ ಸ್ಪ್ಯಾನರ್ ಎನ್ನುತ್ತಾರೆ. ಅನ್ನಲಿ. ನಾನು ಹುಟ್ಟಿದ್ದೇ ಏಟು ತಿಂದು. ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಕೆಂಡವಾಗುವ ತನಕ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಯಂತ್ರದ ಸುತ್ತಿಗೆಯ ಕೆಳಗೆ ಇಟ್ಟರು. ಅದು ಧಡ್ ಧಡ್ ಎಂದು ಮೈಮೇಲೆ ಬೀಳುವಾಗ ನನ್ನಿಂದ ಹಾರಿದ ಕಿಡಿಗಳಿಗೆ ಅಲ್ಲಿದ್ದವರೆಲ್ಲ ಮುಖ ತಿರುಗಿಸಿಕೊಂಡರು. ಆಮೇಲೆ ಒಂದು ಕಡೆ ಬಗ್ಗಿಸಿ, ತುದಿಗೆ ಆರು ಮೂಲೆಯ ಬಾಯಿ ಮಾಡಿ, ಚೊಂಯ್ ಎಂದು ಎಣ್ಣೆಯಲ್ಲಿ ಅದ್ದಿದರು.

ಇಷ್ಟು ಹೊಡೆತ ತಿಂದವನಿಗೆ ಹೊಡೆಯುವುದೆಂದರೆ ಇಷ್ಟವಿರಬೇಕು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ನನಗೆ ಇಷ್ಟ ನಟ್ಟು. ತುಕ್ಕು ಹಿಡಿದು ಹಟ ಮಾಡುವ ನಟ್ಟು ಕೊನೆಗೊಮ್ಮೆ ಕಿರ್ರೆಂದು ಸೋಲುತ್ತದಲ್ಲ, ಆ ಸುಖವೇ ಬೇರೆ. ನನ್ನ ಮೊದಲ ಯಜಮಾನ, ಟೆಂಪೊ ಓಡಿಸುವ ದಾವಲಸಾಬ, ಆ ಸುಖವನ್ನು ನನಗೆ ಧಾರಾಳವಾಗಿ ಕೊಟ್ಟ. ನಟ್ಟು ಜಗ್ಗದಿದ್ದರೆ ನನ್ನ ಮೇಲೆ ಕಾಲಿಟ್ಟು ಒದೆಯುತ್ತಿದ್ದ, ಬಾಯಿಗೆ ಬಂದಂತೆ ಬೈಯುತ್ತಿದ್ದ. ಕೆಲಸ ಮುಗಿದ ಮೇಲೆ ಲುಂಗಿಯ ಅಂಚಿನಲ್ಲಿ ಒರೆಸಿ ಸ್ವಸ್ಥಾನದಲ್ಲಿ ಇಡುತ್ತಿದ್ದ. ಅವನ ಒದೆತಕ್ಕೆ ನಾನು ಒಮ್ಮೆಯೂ ಬೇಸರ ಮಾಡಿಕೊಂಡವನಲ್ಲ. ಮಂಡಿನೋವು ಬಂದು ಅವನು ಟೆಂಪೊ ಮಾರಿದಾಗ ನಾನು ಹುಬ್ಬಳ್ಳಿಯ ಒಂದು ಹಳೇ ಸಾಮಾನಿನ ಅಂಗಡಿಗೆ ಬಂದೆ.

ಅಲ್ಲಿಗೆ ಮಹಾಂತೇಶ ಕುಬಸದ ಬಂದ. ಟೈಲ್ಸ್ ಅಂಗಡಿಯ ಮಾಲೀಕ, ಕೆಂಪು ಕಾರು, ಅಗಲ ಭುಜ, ಮೂಗಿನ ತುದಿಯಲ್ಲೇ ಸಿಟ್ಟು. ಪಾನಾ ಕೊಳ್ಳುವವರು ಅದರ ಬಾಯಿ ನೋಡುತ್ತಾರೆ, ನಟ್ಟಿಗೆ ಹಚ್ಚಿ ನೋಡುತ್ತಾರೆ. ಈ ಮನುಷ್ಯ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಯಲ್ಲಿ ಬೀಸಿ ನೋಡಿದ. "ಛಲೋ ವಜ್ಜಿ ಐತಿ," ಎಂದು ನನ್ನ ತೂಕವನ್ನು ಮೆಚ್ಚಿದ. ನಟ್ಟಿನ ಅಳತೆ ಕೇಳಲೇ ಇಲ್ಲ.

ನನ್ನನ್ನು ಅವನು ಡಿಕ್ಕಿಯಲ್ಲಿ ಇಡಲಿಲ್ಲ. ಹಳೆಯ ಟವೆಲ್ಲಿನಲ್ಲಿ ಸುತ್ತಿ ತನ್ನ ಸೀಟಿನ ಕೆಳಗೆ, ಮ್ಯಾಟಿನ ಮೇಲೆ ಇಟ್ಟ. ಅಂದಿನಿಂದ ನಾನು ಈ ಸಂಸಾರವನ್ನು ಅರಿತದ್ದು ಕಾಲುಗಳಿಂದ. ಬ್ರೇಕಿನ ಮೇಲೆ ಸದಾ ಮುನಿಸಿಕೊಂಡ ಮಹಾಂತೇಶನ ಬೂಟು, ಅವನ ಹೆಂಡತಿ ಶೈಲಾಳ ಸವೆದ ಚಪ್ಪಲಿ, ಹಿಂದಿನ ಸೀಟಿನಿಂದ ನೆಲಕ್ಕೆ ಎಟುಕದೆ ತೂಗಾಡುವ ಮಗಳು ಸಿಂಚನಾಳ ಪುಟ್ಟ ಕಾಲು. ಯಾರಾದರೂ ಹಾರ್ನ್ ಬಾರಿಸಿದರೆ, ಅಡ್ಡ ಬಂದರೆ, ಮಹಾಂತೇಶನ ಕೈ ಕೆಳಗಿಳಿದು ನನ್ನನ್ನು ತಡಕಾಡುತ್ತಿತ್ತು. ನನ್ನಿಂದ ಒಬ್ಬನ ಗಾಡಿಯ ಗಾಜು ಒಡೆಸಿದ, ಇನ್ನೊಬ್ಬನ ಹೆಡ್‌ಲೈಟು. ಆ ಗಾಜಿನ ಚೂರುಗಳು ನನ್ನ ಬಾಯಲ್ಲಿ ಬಹಳ ದಿನ ಕೂತಿದ್ದವು.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೆಳಿಗ್ಗೆ ಹಾಲಿನ ವ್ಯಾನೊಂದು ಕೆಂಪು ಕಾರಿನ ಬಂಪರನ್ನು ಸವರಿತು. ಗೀರು ಬಿದ್ದದ್ದು ನಿಜ, ಉಗುರಿನಷ್ಟು. ಮಹಾಂತೇಶ ನನ್ನನ್ನು ಹಿಡಿದು ಇಳಿದ.

"ಏನಲೇ ಮಗನ, ಕಣ್ಣು ಮನ್ಯಾಗ ಇಟ್ಟು ಬಂದೀ ಏನು?"

"ತಪ್ಪಾತ್ರಿ ಸಾವಕಾರ, ಬ್ರೇಕ್ ಸಿಗಲಿಲ್ರೀ," ಎಂದ ವ್ಯಾನಿನವನು. ಮುಖ ಮುಚ್ಚಿಕೊಳ್ಳಲು ಕೈ ಮೇಲೆತ್ತಿದ. ನಾನು ಬಿದ್ದದ್ದು ಆ ಕೈಯ ಮೇಲೆ. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಆ ಮನುಷ್ಯ ಕೂಗಲೂ ಇಲ್ಲ, ಹಾಲಿನ ಕ್ರೇಟುಗಳ ನಡುವೆ ಕುಸಿದು ಕೂತ. ಕೂಗಿದ್ದು ಕಾರಿನೊಳಗಿದ್ದ ಸಿಂಚನಾ. ಅವಳು ಶಾಲೆಗೆ ಹೊರಟಿದ್ದಳು.

ಹಿರಿಯರು ಠಾಣೆಯಲ್ಲಿ ಕೂತು ರಾಜಿ ಮಾಡಿಸಿದರು. ಆದರೆ ಸಿಂಚನಾಳ ಜೊತೆ ರಾಜಿ ಮಾಡಿಸಲು ಯಾವ ಹಿರಿಯರಿಗೂ ಆಗಲಿಲ್ಲ. ಮರುದಿನ ಅವಳು ಕಾರಿನ ಬಾಗಿಲ ಬಳಿ ಬಂದು ನಿಂತಳು, ಹತ್ತಲಿಲ್ಲ. "ಅಪ್ಪಾಜಿ, ನಾ ನಿನ್ನ ಕಾರಿನ್ಯಾಗ ಬರಂಗಿಲ್ಲ." ಅಷ್ಟೇ. ಬೈದರೂ ಬರಲಿಲ್ಲ, ಮುದ್ದು ಮಾಡಿದರೂ ಬರಲಿಲ್ಲ. ಆಟೊದಲ್ಲಿ ಶಾಲೆಗೆ ಹೋಗತೊಡಗಿದಳು. ಆಟೊದ ಹಿಂದೆ ತನ್ನ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಹೋಗುತ್ತಿದ್ದ ಮಹಾಂತೇಶ ಒಂದು ದಿನ ಶಾಲೆಯೆದುರು ಕಾರು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತದ್ದನ್ನು ನಾನು ಕೇಳಿದ್ದೇನೆ. ಅಳುವಾಗಲೂ ಅವನ ಬೂಟು ಬ್ರೇಕನ್ನು ತುಳಿಯುತ್ತಲೇ ಇತ್ತು.

ಶೈಲಾಳ ತಮ್ಮ ಚನ್ನವೀರ ಬ್ಯಾಂಕಿನ ಗುಮಾಸ್ತ, ಆದರೆ ಜೀವವೆಲ್ಲ ಕಾರಿನಲ್ಲಿ. ಟ್ರ್ಯಾಕ್ ಡೇ ಎಂಬ ಉಪಾಯ ಹೇಳಿದ್ದು ಅವನೇ. ಬೆಂಗಳೂರಿನ ಒಂದು ಕ್ಲಬ್ಬಿನವರು ತಮಿಳುನಾಡಿನ ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದಿದ್ದರು. ಯಾರು ಬೇಕಾದರೂ ಸ್ವಂತ ಕಾರು ತಂದು ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಬಹುದು. ಗೆಲುವಿಲ್ಲ, ಸೋಲಿಲ್ಲ.

"ನಿಮ್ಮ ಸಿಟ್ಟೆಲ್ಲಾ ಅಲ್ಲಿ ಕಾರಿ ಬರ್ರಿ ಮಾಮಾ," ಎಂದ ಚನ್ನವೀರ. "ರಸ್ತಾದಾಗ ಮಂದಿ ಕೈಕಾಲರ ಉಳೀತಾವ."

ಸಿಂಚನಾ ಇದನ್ನೆಲ್ಲ ಕೇಳಿಸಿಕೊಂಡು ಒಂದು ಷರತ್ತು ಹಾಕಿದಳು. "ನಾನೂ ನೋಡಾಕ ಬರ್ತೀನಿ, ಚನ್ನವೀರ ಮಾಮಾನ ಕಾರಿನ್ಯಾಗ. ನೀ ಇಡೀ ದಿವಸ ಯಾರ್ನೂ ಬೈಬಾರ್ದು, ಹೊಡಿಬಾರ್ದು. ಅದು ಸೀಟಿನ ಕೆಳಗ ಇರಬಾರ್ದು. ಹಂಗಾದ್ರ ಮನಿಗೆ ಬರೂಮುಂದ ನಿನ್ನ ಕಾರಿನ್ಯಾಗ ಬರ್ತೀನಿ."

ಅದು ಎಂದರೆ ನಾನು. ನನ್ನ ಹೆಸರನ್ನೂ ಅವಳು ಹೇಳಲಿಲ್ಲ.

"ಆಣಿ ಮಾಡ್ತೀನವಾ," ಎಂದ ಮಹಾಂತೇಶ. "ಇನ್ಮ್ಯಾಲೆ ಅದು ಡಿಕ್ಕ್ಯಾಗ, ಚೀಲದಾಗ."

ತಯಾರಿ ಶುರುವಾಯಿತು. ಚನ್ನವೀರ ಗ್ಯಾರೇಜಿನಲ್ಲಿ ನಿಂತು ಬ್ರೇಕ್ ಆಯಿಲ್ ಹೊಸದು ಹಾಕಿಸಿದ, ಪ್ಯಾಡು ಬದಲಿಸಿದ, ಟೈರುಗಳ ಮೈಯೆಲ್ಲ ಸವರಿ ಬಿರುಕು ಹುಡುಕಿದ. ಮಹಾಂತೇಶನ ತಲೆಗೆ ಹೆಲ್ಮೆಟ್ ಕೊಡಿಸಿದ. ಕಾಲಿಗೆ ತೆಳು ಅಟ್ಟೆಯ ಬೂಟು, ಮೈಗೆ ತುಂಬುತೋಳಿನ ಹತ್ತಿ ಅಂಗಿ. ಹೊಟ್ಟೆ ಬಿರಿಯೆ ಉಣಬಾರದು, ನೀರು ಕುಡಿಯುತ್ತಿರಬೇಕು, ಮೊದಲ ಸುತ್ತುಗಳಲ್ಲಿ ಹಾದಿ ಕಲಿಯಬೇಕು, ಹಿಂದಿನಿಂದ ಜೋರಾಗಿ ಬಂದವರಿಗೆ ಜಾಗ ಬಿಡಬೇಕು ಎಂದೆಲ್ಲ ಕಲಿಸಿದ. "ಜಾಗಾ ಬಿಡೂದಾ?" ಎಂದು ಮಹಾಂತೇಶ ಹುಬ್ಬು ಗಂಟಿಕ್ಕಿದ. "ಹೌದ್ರಿ, ಅದಕ್ಕ ಹೇಳಿದ್ದು, ಕಾರಿಗಿಂತ ಮೊದ್ಲ ತಲಿ ತಯಾರ ಮಾಡ್ಕೋರಿ ಅಂತ."

ಹೊರಡುವ ಮುನ್ನ ಇಬ್ಬರೂ ಕಾರು ಖಾಲಿ ಮಾಡಿದರು. ಕಾರಿನೊಳಗೆ ಸಡಿಲವಾದದ್ದೇನೂ ಇರಬಾರದು ಎಂಬುದು ಟ್ರ್ಯಾಕಿನ ನಿಯಮ. ನೀರಿನ ಬಾಟಲಿ, ಛತ್ರಿ, ಡ್ಯಾಶ್‌ಬೋರ್ಡಿನ ಗಣಪ, ಸಿಂಚನಾ ಎಂದೋ ಬಿಟ್ಟುಹೋದ ಪೆನ್ಸಿಲ್ಲು, ಕೊನೆಗೆ ಮ್ಯಾಟುಗಳು, ನನ್ನ ಟವೆಲ್ಲು. ಕಾರಿನ ತಳ ಬೋಳಾಯಿತು. ಮಹಾಂತೇಶ ನನ್ನನ್ನು ಮಗಳಿಗೆ ತೋರಿಸಿಯೇ ಚೀಲಕ್ಕೆ ಹಾಕಿದ.

ಟ್ರ್ಯಾಕಿನಲ್ಲಿ ಆ ಮುಂಜಾನೆ ನನ್ನ ಬಾಳಿನ ಅತ್ಯಂತ ಒಳ್ಳೆಯ ಮುಂಜಾನೆ. ಮಹಾಂತೇಶ ನನ್ನನ್ನು ಚೀಲದಿಂದ ತೆಗೆದು, ಮಂಡಿಯೂರಿ, ನಾಲ್ಕೂ ಗಾಲಿಗಳ ನಟ್ಟುಗಳನ್ನು ಬಿಗಿದ. ಇಷ್ಟು ವರ್ಷದಲ್ಲಿ ಅವನು ನನ್ನಿಂದ ಮಾಡಿಸಿದ ಮೊದಲ ನ್ಯಾಯವಾದ ಕೆಲಸ ಅದು. ಸಿಂಚನಾ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಒಂದು ನಟ್ಟಿಗೆ ತಾನೂ ನನ್ನ ಹಿಡಿಗೆ ಕೈಹಚ್ಚಿ ಜಗ್ಗಿದಳು. ಆ ಪುಟ್ಟ ಕೈಯ ಬಿಸಿ ನನಗೆ ಇನ್ನೂ ನೆನಪಿದೆ.

ಅವಳು ತಾಯಿಯೊಂದಿಗೆ ಗ್ಯಾಲರಿಗೆ ಹೋದಳು. ಚನ್ನವೀರ ನೀರು ತರಲು ಹೋದ. ಆಗಲೇ ಹಳದಿ ಕಾರಿನವನೊಬ್ಬ ಹಿಂದೆ ಬಂದು, ದಾರಿ ಬಿಡಿ ಎಂದು ಹಾರ್ನ್ ಒತ್ತಿದ. ಒಂದೇ ಸಲ, ಸಣ್ಣಗೆ. ಮಹಾಂತೇಶನ ಕಿವಿ ಕೆಂಪಾಯಿತು. ನಾನು ಇನ್ನೂ ಅವನ ಕೈಯಲ್ಲಿದ್ದೆ. ಚೀಲದ ಬಾಯಿ ತೆರೆದೇ ಇತ್ತು, ಎರಡು ಹೆಜ್ಜೆ ದೂರದಲ್ಲಿ. ಅವನು ಚೀಲದ ಕಡೆ ನೋಡಿದ, ಗ್ಯಾಲರಿಯ ಕಡೆ ನೋಡಿದ, ನನ್ನನ್ನು ಸೀಟಿನ ಕೆಳಗೆ ತಳ್ಳಿದ. ಇರಲಿ ಎಂದುಕೊಂಡಿರಬೇಕು. ನಾನಿಲ್ಲದೆ ಅವನಿಗೆ ಮೈಮೇಲೆ ಬಟ್ಟೆಯಿಲ್ಲದಂತೆ ಅನಿಸುತ್ತಿತ್ತು.

ತಪಾಸಣೆಗೆ ಬಂದ ಬೆಂಗಳೂರಿನ ಹೆಣ್ಣುಮಗಳು ಹೆಲ್ಮೆಟ್ ನೋಡಿದಳು, ಬೆಲ್ಟ್ ಎಳೆದು ನೋಡಿದಳು. "ಸೀಟ್ ಕೆಳಗೆ ಏನಾದ್ರೂ ಇದ್ಯಾ ಸರ್?"

"ಏನೂ ಇಲ್ಲ," ಎಂದ ಮಹಾಂತೇಶ.

ಸಾಲು ಉದ್ದವಿತ್ತು. ಅವಳು ನಂಬಿ ಮುಂದೆ ಹೋದಳು.

ಮೊದಲ ಸುತ್ತುಗಳು ನೆಟ್ಟಗಿದ್ದವು. ಅವನ ಉಸಿರು ಕೂಡ ನೆಟ್ಟಗಿತ್ತು. ಕಾಲು ಬ್ರೇಕಿನ ಜೊತೆ ಜಗಳ ಬಿಟ್ಟು ಮಾತಾಡತೊಡಗಿತ್ತು. ಆಮೇಲೆ ಆ ಹಳದಿ ಕಾರು ಪಕ್ಕದಲ್ಲಿ ಸುಂಯ್ಯೆಂದು ಹಾದುಹೋಯಿತು. "ನಿನ್ನ..." ಎಂದು ಮಹಾಂತೇಶ ಹಲ್ಲು ಕಡಿದ. ಎಂಜಿನ್ ಅರಚಿತು. ತಿರುವಿನಲ್ಲಿ ನಾನು ಎಡಕ್ಕೆ ಹಾರಿ ಬಡಿದೆ, ಮುಂದಿನ ತಿರುವಿನಲ್ಲಿ ಬಲಕ್ಕೆ. ಹಿಡಿದುಕೊಳ್ಳಲು ಮ್ಯಾಟಿಲ್ಲ, ಟವೆಲ್ಲಿಲ್ಲ, ಬರೀ ಬೋಳು ತಗಡು. ನೆಟ್ಟನೆಯ ದಾರಿಯ ಕೊನೆಯಲ್ಲಿ ಹಳದಿ ಕಾರು ಬ್ರೇಕ್ ಹಾಕಿತು. ಇವನು ಹಾಕಲಿಲ್ಲ. ಇನ್ನಷ್ಟು ತಡೆದು, ಆಮೇಲೆ ಮೈಭಾರವೆಲ್ಲ ಬಿಟ್ಟು ತುಳಿದ.

ನಾನು ಸೀಟಿನ ಕೆಳಗಿನಿಂದ ಸಿಡಿದೆ. ನನಗೆ ಕಾಲಿಲ್ಲ, ಕೈಯಿಲ್ಲ. ಅವನೇ ಎಸೆದಂತೆ ಹೋದೆ. ಹೋಗಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡೆ. ಪೆಡಲು ಅರ್ಧಕ್ಕೆ ಇಳಿದು ನನ್ನ ಬೆನ್ನಿಗೆ ಬಡಿದು ನಿಂತಿತು. ಅವನು ಮತ್ತೆ ತುಳಿದ. ಮತ್ತೆ ತುಳಿದ. ಆ ಬೂಟಿನ ಗಾಬರಿ ನನಗೆ ಹೊಸದು. ಕಾರು ತಿರುವು ಬಿಟ್ಟು ಜಲ್ಲಿಯ ಮೇಲೆ ಹಾರಿತು, ಕಲ್ಲುಗಳು ತಳಕ್ಕೆ ಗುಂಡಿನಂತೆ ಬಡಿದವು, ಟೈರುಗಳ ಗೋಡೆ ಎದುರಿಗೆ ಬಂತು. ಕಾರಿನ ಮೂತಿ ಒಳಕ್ಕೆ ಕುಸಿಯಿತು. ಪೆಡಲಿನ ಕಬ್ಬಿಣ ತಿರುಚಿತು, ನಾನು ಬಗ್ಗಿದೆ. ಜಾರಿ ನನ್ನ ಮತ್ತು ಪೆಡಲಿನ ನಡುವೆ ಸಿಕ್ಕ ಅವನ ಪಾದದ ಗಂಟು ಮುರಿಯಿತು. ಆ ಸದ್ದು ನನಗೆ ಗೊತ್ತಿತ್ತು. ಹಾಲಿನ ವ್ಯಾನಿನವನ ಕೈಯಿಂದ ಬಂದದ್ದೂ ಅದೇ ಸದ್ದು.

ಮಹಾಂತೇಶನನ್ನು ಎಳೆದು ಹೊರಗೆ ಹಾಕಿದರು. ಹೆಲ್ಮೆಟ್ ಸೀಳಿತ್ತು, ತಲೆ ಉಳಿದಿತ್ತು. ಎಲ್ಲರಿಗಿಂತ ಮೊದಲು ಓಡಿ ಬಂದು ಅವನ ಬೆಲ್ಟ್ ಬಿಚ್ಚಿದ್ದು ಹಳದಿ ಕಾರಿನವನು. ತಪಾಸಣೆಯ ಹೆಣ್ಣುಮಗಳು ನನ್ನನ್ನು ಪೆಡಲಿನ ಕೆಳಗಿನಿಂದ ಕಿತ್ತು ತೆಗೆದು, ಆಂಬುಲೆನ್ಸಿನ ಹತ್ತಿರ ಬಂದಳು.

"ಇದು ಎಲ್ಲಿಂದ ಬಂತು? ಯಾರದು ಇದು?"

ಶೈಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಚನ್ನವೀರ ನೆಲ ನೋಡಿದ.

"ನಮ್ಮ ಅಪ್ಪಾಜೀದು," ಎಂದಳು ಸಿಂಚನಾ. "ಸೀಟಿನ ಕೆಳಗ ಇಟ್ಕೊಂತಾನ."

ಸ್ಟ್ರೆಚರಿನ ಮೇಲಿದ್ದ ಮಹಾಂತೇಶ ಕಣ್ಣು ಮುಚ್ಚಿದ. ಅಷ್ಟು ಪೆಟ್ಟು ತಿಂದವನು ಅಲ್ಲಿಯವರೆಗೆ ನರಳಿರಲಿಲ್ಲ. ಆ ಮಾತಿಗೆ ನರಳಿದ.

ಕೆಂಪು ಕಾರು ಗುಜರಿಗೆ ಹೋಯಿತು. ನಾನೂ ಹೋಗಬೇಕಿತ್ತು. ಬಗ್ಗಿದ ಪಾನಾ ಯಾರಿಗೆ ಬೇಕು? ಆದರೆ ಮಹಾಂತೇಶ ಕೋಲೂರಿಕೊಂಡು ನಡೆಯುವಂತಾದ ಮೇಲೆ ನನ್ನನ್ನು ಅಂಗಳಕ್ಕೆ ತಂದು ಗೇಟಿನ ಬುಡದಲ್ಲಿ ಹಾಕಿದ. ಗೇಟು ಗಾಳಿಗೆ ಬಡಿಯದಂತೆ ತಡೆದು ಹಿಡಿಯುವುದು ಈಗ ನನ್ನ ಕೆಲಸ. ಮೈಗೆ ತುಕ್ಕು ಹತ್ತಿದೆ, ಬಾಯಲ್ಲಿ ಮಣ್ಣು ತುಂಬಿದೆ. ಇನ್ನು ಯಾವ ನಟ್ಟೂ ನನಗೆ ಒಲಿಯುವುದಿಲ್ಲ. ಅದಕ್ಕೆ ದುಃಖವಿದೆ, ಸುಳ್ಳೇಕೆ ಹೇಳಲಿ. ಒಬ್ಬರ ಮೇಲೂ ಬೀಳಬೇಕಿಲ್ಲ ಎಂಬ ನೆಮ್ಮದಿಯೂ ಇದೆ.

ಮನೆಗೆ ಬೇರೆ ಕಾರು ಬಂದಿದೆ, ಬಿಳಿಯದು. ಸಿಂಚನಾ ಅದರಲ್ಲಿ ಶಾಲೆಗೆ ಹೋಗುತ್ತಾಳೆ. ಆದರೆ ಹತ್ತುವ ಮೊದಲು ಮುಂದಿನ ಬಾಗಿಲು ತೆರೆದು, ಮಂಡಿಯೂರಿ, ಅಪ್ಪನ ಸೀಟಿನ ಕೆಳಗೆ ಭುಜದವರೆಗೂ ಕೈ ಹಾಕಿ ತಡಕುತ್ತಾಳೆ. ಮಹಾಂತೇಶ ಕೋಲು ಹಿಡಿದು ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುತ್ತಾನೆ. "ಏನೂ ಇಲ್ಲ," ಎಂದು ಅವಳು ಹೇಳಿದ ಮೇಲೆಯೇ ಇಬ್ಬರೂ ಹತ್ತುವುದು.

ಮೊನ್ನೆ ಕಾರು ಗೇಟು ದಾಟುವಾಗ ಸ್ಕೂಟರಿನವನೊಬ್ಬ ವೇಗವಾಗಿ ಬಂದು ಬಾಗಿಲಿಗೆ ಉದ್ದಕ್ಕೂ ಗೀಚಿದ. ಮಹಾಂತೇಶ ಇಳಿದ. ಅದೇ ಕೆಂಪು ಕಿವಿ, ಅದೇ ಕಡಿದ ಹಲ್ಲು. ಅವನ ಕಣ್ಣು ನೇರ ನನ್ನ ಮೇಲೆ ಬಿತ್ತು. ಬಗ್ಗಿದ. ಬೆರಳುಗಳು ನನ್ನನ್ನು ಮುಟ್ಟಿದವು. ನಾನು ಡೊಂಕಾಗಿದ್ದರೇನು, ಒಂದು ತಲೆ ಒಡೆಯಲು ಈಗಲೂ ಸಾಕು. ಒಳಗೆ ಕೂತ ಸಿಂಚನಾ ಗಾಜಿಗೆ ಮುಖವಿಟ್ಟು ನೋಡುತ್ತಿದ್ದಳು. ಬೆರಳುಗಳು ನನ್ನನ್ನು ಬಿಟ್ಟವು.

"ನೋಡ್ಕೊಂಡ ಹೋಗಪಾ," ಎಂದ ಸ್ಕೂಟರಿನವನಿಗೆ.

ಅವನು ಬಂದು ಕಾರು ಹತ್ತಲಿಲ್ಲ. ತನ್ನ ಕಡೆಯ ಬಾಗಿಲನ್ನು ಪೂರ್ತಿ ತೆರೆದು ಹಿಡಿದು ಹೊರಗೇ ನಿಂತ. ಎರಡೂ ಅಂಗೈಗಳನ್ನು ಮಗಳಿಗೆ ಕಾಣುವಂತೆ ಬಿಚ್ಚಿ ತೋರಿಸಿದ.

"ಇಳದ ಬಾರವಾ," ಎಂದ. "ಇನ್ನೊಮ್ಮೆ ಕೈ ಹಾಕಿ ನೋಡು."