ಕಾಲರಿನ ಒಳಗಿನ ಹೆಸರು

"ಮಾಸ್ಟ್ರು ಅಂಗಡಿ ಮುಚ್ಚಿದಾರಲ್ಲ ಅಕ್ಕಾ, ನೀವೇ ಹೊಲಿದುಕೊಡ್ತೀರಾ?" ಎನ್ನುತ್ತ ಬಂದವನು ಅಂಗಿ ಬಟ್ಟೆಯನ್ನು ಮೇಜಿನ ಮೇಲಿಟ್ಟ.

ಬೆಳಗಿನಿಂದ ಇದೇ ಮಾತು. ಎದುರಂಗಡಿಯ ಟೈಲರ್ ಮಾಸ್ಟರು ಮೆಟ್ಟಿಲಿನಿಂದ ಜಾರಿ ಬಲಗೈ ಮುರಿದುಕೊಂಡಿದ್ದರು. ವರ್ಷಗಟ್ಟಲೆ ಬೇರೆ ಯಾರಿಗೂ ಅಳತೆ ಕೊಡದವರೆಲ್ಲ ಈಗ ರಸ್ತೆ ದಾಟಿ ಈಚೆ ಬರುತ್ತಿದ್ದರು. ಹೊಲಿಗೆಯವಳಿಗೆ ಒಳಗೊಳಗೇ ಖುಷಿ. ಇಷ್ಟು ದಿನ ಅವಳ ಪಾಲಿಗೆ ಬಂದದ್ದು ಹರಿದ ಜೇಬು, ಕೆಟ್ಟ ಜಿಪ್ಪು, ಅಷ್ಟೇ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತೆ, "ಬಿಡಬೇಡ ಕಣೇ. ಅವನ ಪ್ಲಾಸ್ಟರ್ ಬಿಚ್ಚೋ ಹೊತ್ತಿಗೆ ಇವರೆಲ್ಲ ನಮ್ಮ ಗಿರಾಕಿಗಳಾಗಿರ್ಬೇಕು" ಎಂದಳು.

ಪಾಠ ಓದುತ್ತಿದ್ದ ಮಗಳು ತಲೆಯೆತ್ತಿದಳು. "ಅಜ್ಜಿ, ಇದಕ್ಕೇ ಇಂಗ್ಲಿಷಲ್ಲಿ 'ಕ್ಯಾಶ್ ಇನ್ ಆನ್' ಅನ್ನೋದು. ಸಿಕ್ಕ ಸಂದರ್ಭಾನ ಲಾಭ ಮಾಡ್ಕೊಳ್ಳೋದು. ಮಿಸ್ಸು ಉದಾಹರಣೆ ಬರ್ಕೊಂಡು ಬನ್ನಿ ಅಂದಿದಾರೆ."

"ನಮ್ಮನ್ನೇ ಬರಿ. ಅದ್ರಲ್ಲೇನು ನಾಚ್ಕೆ?"

"ಮಾಸ್ಟ್ರ ಕೈ ಮುರಿದದ್ದೂ ಬರೀಲಾ?"

"ಅದನ್ಯಾಕೆ ಬರೀತೀಯ, ಅಧಿಕಪ್ರಸಂಗಿ!"

ಹೊಲಿಗೆಯವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಸಂಜೆಗೆ ಮೊದಲ ಅಂಗಿ ಮುಗಿಯಿತು. ಕಾಲರಿನ ಒಳಗೆ ಅಂಗಡಿಯ ಲೇಬಲ್ ಹಚ್ಚುವುದೊಂದೇ ಬಾಕಿ. ಕತ್ತಿನ ಹಿಂದೆ ಯಾರ ಹೆಸರಿದೆಯೋ, ಗಿರಾಕಿ ಮುಂದಿನ ಸಲ ಹೋಗುವುದು ಅವರ ಬಾಗಿಲಿಗೇ. ತನ್ನ ಲೇಬಲನ್ನು ಬೆರಳಲ್ಲಿ ಹಿಡಿದವಳು, ಅದನ್ನು ಮೇಜಿನ ಮೇಲಿಟ್ಟು ಎದ್ದು ರಸ್ತೆ ದಾಟಿದಳು.

ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕೂತಿದ್ದ ಮಾಸ್ಟರು ಅವಳನ್ನು ಕಂಡದ್ದೇ ಮುಖ ಗಂಟಿಕ್ಕಿದರು. "ಏನಮ್ಮ, ಈಗ ಮಿಷನ್ನೂ ಬೇಕಾಯ್ತಾ?"

"ನಿಮ್ಮ ಲೇಬಲ್ ಕೊಡಿ ಮಾಸ್ಟ್ರೇ. ನಿಮ್ಮ ಗಿರಾಕಿಗಳ ಅಂಗಿಗೆ ಅದನ್ನೇ ಹಚ್ತೀನಿ. ಕೂಲಿ ನಂದು, ಹೆಸರು ನಿಮ್ದು."

ಮಾಸ್ಟರು, "ಕೊಟ್ಟುಬಿಟ್ರೆ ಆಯ್ತಾ? ಹೊಲಿಗೆ ನೋಡ್ಬೇಡ್ವಾ?" ಎಂದು ಗೊಣಗಿದರು.

ಮರುದಿನ ಅಂಗಡಿ ತೆರೆಯುವ ಮೊದಲೇ ಲೇಬಲ್ಲಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದು ಅವಳ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಮುಖ ಊದಿಸಿಕೊಂಡೇ ಸ್ಟೂಲು ಎಳೆದುಕೊಟ್ಟಳು. ಮೊದಲ ಅಂಗಿಗೆ ಲೇಬಲ್ ಬಿದ್ದದ್ದೇ ಮಾಸ್ಟರು ಎಡಗೈಯಲ್ಲಿ ಕಾಲರನ್ನು ಕಣ್ಣಿನ ಹತ್ತಿರ ಹಿಡಿದರು.

"ಓರೆಯಾಗಿದೆ. ಬಿಚ್ಚು."

"ಎಲ್ಲಿ ಓರೆ? ಕೂದಲೆಳೆಯಷ್ಟು!"

"ನನ್ನ ಹೆಸರಲ್ಲಿ ಅಷ್ಟು ಓರೇನೂ ಆಚೆ ಹೋಗ್ಬಾರ್ದು."

ಅವಳು ನಗು ನುಂಗಿಕೊಂಡು ದಾರ ಬಿಚ್ಚತೊಡಗಿದಳು. ಅತ್ತೆ ಮೇಜಿನ ದೀಪವನ್ನು ಅವರಿಬ್ಬರ ಹತ್ತಿರಕ್ಕೆ ಸರಿಸಿದಳು.