ರುಚಿ ಹೇಳುವ ಕೆಲಸ

ಟಿಕೋಟಾ ಹತ್ತಿರದ ಒಂದು ವೈನರಿಯಲ್ಲಿ ನಂದಾ ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಆ ಕೆಲಸಕ್ಕೆ ಈಗ ಯಂತ್ರ ಬಂದಿತ್ತು. ಉಳಿದ ಹೆಂಗಸರನ್ನೆಲ್ಲ ಕಳಿಸಿಯಾಗಿತ್ತು. ಪಿಯುಸಿ ಓದಿದ್ದಾಳೆಂದು ನಂದಾಳಿಗೆ ಮಾತ್ರ ಒಂದು ಅವಕಾಶ ಕೊಟ್ಟಿದ್ದರು: ವೈನರಿ ನೋಡಲು ಬರುವವರಿಗೆ ವೈನ್ ಸುರಿದುಕೊಟ್ಟು, ಅದರ ರುಚಿಯನ್ನು ಮಾತಿನಲ್ಲಿ ಹೇಳುವ ಕೆಲಸ. ಸೋಮವಾರ ಪರೀಕ್ಷೆ. ಪಾಸಾದರೆ ಜಲನಗರದ ಬಾಡಿಗೆ ಕೋಣೆ ಉಳಿಯುತ್ತದೆ, ಮಗಳು ಕಾವ್ಯಾಳ ಶಾಲೆಯೂ ಉಳಿಯುತ್ತದೆ. ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ಘೋಣಸಗಿಗೆ, ತಾಯಿ ರುದ್ರವ್ವ ದುಡಿಯುವ ಮಣೂಕದ ಶೆಡ್ಡಿಗೆ ಹೋಗಬೇಕು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಆ ಶೆಡ್ಡಿನಲ್ಲೇ ನಂದಾ ಬೆಳೆದದ್ದು.

ಅವಳು ಎಂದೂ ವೈನ್ ಕುಡಿದವಳಲ್ಲ. ಕಲಿಸಲು ಒಪ್ಪಿದ ಸ್ಟೋರಿನ ಕುತುಬುದ್ದೀನ ಚಾಚಾ ಕೂಡ ಕುಡಿದವರಲ್ಲ. ಆದರೆ ಅತಿಥಿಗಳಿಗೆ ಹೇಳುವ ಮಾತುಗಳನ್ನು ವರ್ಷಗಟ್ಟಲೆ ಬಾಗಿಲಾಚೆಯಿಂದ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

“ಇಬ್ಬರೂ ಕುಡಿಲಾರದವರು. ಬಾವಿ ಕಟ್ಟಿ ಮ್ಯಾಲ ಕುಂತ ಈಜ ಕಲಿತಂಗ ಆತ ನೋಡ್ರಿ ಚಾಚಾ,” ಎಂದಳು ನಂದಾ.

“ಬಾಯಿ ಬಂದ ಮಾಡು. ಡ್ರೈ ಅಂದ್ರ ಏನ?”

“ಸಿಹಿ ಇಲ್ಲದ್ದರಿ.”

“ಟ್ಯಾನಿನ್?”

“ಒಗರು. ನೇರಳಿ ಹಣ್ಣ ತಿಂದಾಗ ನಾಲಿಗಿ ಹಿಡಕೊಂಡಂಗ ಆಗೂದು.”

“ಬಾಡಿ?”

“ಬಾಯಾಗಿನ ಭಾರರಿ. ತಿಳಿ ಮಜ್ಜಿಗಿ ಹಗರ, ಕೆನಿ ಹಾಲ ಭಾರ.”

“ಫಿನಿಶ್?”

“ನುಂಗಿದ ಮ್ಯಾಲ ರುಚಿ ಎಷ್ಟೊತ್ತ ಉಳೀತೈತಿ ಅನ್ನೂದು.”

“ಶಾಬಾಸ್! ನಮ್ಮ ಮನ್ಯಾಕಿಗೆ ಇಷ್ಟ ವರ್ಷ ಹೇಳೇನಿ, ಸಾರಿಗೆ ಉಪ್ಪ ಎಷ್ಟ ಅನ್ನೂದ ಇನ್ನೂ ತಿಳಿದಿಲ್ಲ.”

ನಂದಾ ನಕ್ಕಳು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಮತ್ತೆ ಅಳುಕು ಹತ್ತಿತು. ಮಾತು ಬಂದವು, ರುಚಿ ಬಂದೀತೇ? ಆ ವಾರವೆಲ್ಲ ಅವಳು ಲಿಂಬೆ ಸಿಪ್ಪೆ, ಮೆಣಸು, ಪೇರಲ ಎಲ್ಲವನ್ನೂ ಮೂಸಿ ನೋಡಿದಳು. ಕಾವ್ಯಾ ಕಣ್ಣು ಕಟ್ಟಿ ಕೇಳಿದರೆ ಒಂದೂ ತಪ್ಪದೆ ಹೇಳಿದಳು.

ಸೋಮವಾರ, ಪರೀಕ್ಷೆ ಮಾಡಲು ಬೆಂಗಳೂರಿನಿಂದ ಬಂದಿದ್ದ ಮೇಡಂ ಮೇಜಿನ ಮೇಲೆ ಮೂರು ಗ್ಲಾಸು ಇಟ್ಟರು. ಉಗುಳಲು ಒಂದು ಸ್ಟೀಲಿನ ಬಕೆಟ್ಟು ಇತ್ತು.

ಮೊದಲನೆಯದು ಬಿಳಿ ವೈನ್. ನಂದಾ ಬಾಯಲ್ಲಿ ಹೊರಳಿಸಿ ಉಗುಳಿದಳು. “ಡ್ರೈ ಐತ್ರಿ. ಹುಳಿಗೆ ಬಾಯಾಗ ನೀರ ಬರ್ತಾವ. ಲಿಂಬಿ ವಾಸನಿ ಐತಿ.” ಎರಡನೆಯದು ಕೆಂಪು. “ಟ್ಯಾನಿನ್ ಜೋರ ಐತಿ. ಬಾಡಿ ಭಾರ.”

“ಚೆನ್ನಾಗಿ ಹೇಳ್ತೀರಿ,” ಎಂದರು ಮೇಡಂ.

ಮೂರನೆಯದು ಮತ್ತೆ ಬಿಳಿ. ಅದನ್ನು ಮೂಸಿದ್ದೇ ಅವಳ ಎದೆ ಹಗುರಾಯಿತು. ಒಂದು ಗುಟುಕು ತೆಗೆದುಕೊಂಡಳು, ಉಗುಳಲು ಮರೆತು ನುಂಗಿಯೇಬಿಟ್ಟಳು.

“ಇದ ಎಲ್ಲಾದ್ರಕಿಂತ ಚಲೋ ಐತ್ರಿ ಮೇಡಂ. ಸ್ವಚ್ಛ ಐತಿ, ತಾಜಾ ಐತಿ.”

ಮೇಡಂ ಅವಳನ್ನೇ ನೋಡಿದರು. “ನಂದಾ, ಇದು ಕೆಟ್ಟ ಬಾಟಲಿ. ಗಂಧಕ ಜಾಸ್ತಿಯಾಗಿದೆ, ಬೆಂಕಿಕಡ್ಡಿ ಗೀರಿದ ಹಾಗೆ ಮೂಗಿಗೆ ಹೊಡೆಯುತ್ತೆ. ಬೇಕಂತಲೇ ಇಟ್ಟಿದ್ದೆ. ಇಂಥದ್ದು ಅತಿಥಿಗೆ ಹೋಗದ ಹಾಗೆ ನೀವು ತಡೀಬೇಕು.”

ನಂದಾ ಮತ್ತೆ ಮೂಸಿದಳು. ಕೆಟ್ಟದ್ದೇನೂ ಸಿಗಲಿಲ್ಲ. ಶೆಡ್ಡಿನಲ್ಲಿ ಮಣೂಕದ ಹಳದಿ ಬಣ್ಣ ಉಳಿಯಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಬಾಗಿಲು ತೆರೆದಾಗ ರುದ್ರವ್ವ ಮೂಗರಳಿಸಿ, ಮಾಲು ಚಲೋ ಆಗೈತಿ ಎನ್ನುತ್ತಿದ್ದಳು. ಅವ್ವನ ಸೀರೆಗೆ, ರೊಟ್ಟಿ ಕಟ್ಟಿದ ಬಟ್ಟೆಗೆ, ಹಾಸಿಗೆಗೆ ಅದೇ ವಾಸನೆ. ನಂದಾಳಿಗೆ ಅದು ಕೆಡದೆ ಉಳಿದ ಮಾಲಿನ ವಾಸನೆ.

“ಎರಡ ದಿನಾ ಕೊಡ್ರಿ ಮೇಡಂ. ಕಲೀತೀನ್ರಿ.”

ಮೇಡಂ ಒಳ್ಳೆಯದೊಂದು, ಕೆಟ್ಟದ್ದೊಂದು ಗ್ಲಾಸು ತೆಗೆದುಕೊಂಡು, ಅವಳ ಕಣ್ಣು ಮುಚ್ಚಿಸಿ, ಅದಲು ಬದಲು ಮಾಡಿ ಕೊಟ್ಟರು. ಪ್ರತಿ ಸಲವೂ, ಮೇಡಂ ಹೇಳಿದ್ದು ನೆನಪಾಗುವ ಮೊದಲೇ, ನಂದಾ ಕೆಟ್ಟದ್ದನ್ನೇ ಚಲೋ ಐತಿ ಎಂದು ಕೈಯಲ್ಲಿ ಹಿಡಿದಳು.

“ಮಾತು ಕಲಿಸಬಹುದು. ಇದನ್ನ ಹೇಗೆ ಕಲಿಸಲಿ?” ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಂದಾ ಇನ್ನೊಮ್ಮೆ ಬೇಡಿಕೊಳ್ಳಬಹುದಿತ್ತು.

ಹೊರಗೆ ಚಾಚಾ ಕಾಯುತ್ತಿದ್ದರು. “ಏನಾತವ್ವಾ?”

“ಬ್ಯಾರೆ ಮೂಗ ಹಚ್ಚಿಸ್ಕೊಂಡ ಬಾ ಅಂದ್ರ.”

ಚಾಚಾ ನಕ್ಕರು. ಅವಳ ಮುಖ ನೋಡಿ ನಿಲ್ಲಿಸಿದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, “ಕೆಟ್ಟದ್ದರ ಮಾತ ನಾ ಕಲಿಸಲೇ ಇಲ್ಲ,” ಎಂದರು. “ಬಂದವರ ಮುಂದ ಅದನ್ನ ಯಾರೂ ಆಡೂದಿಲ್ಲಲಾ, ನನಗ ಎಲ್ಲಿಂದ ಗೊತ್ತಾಗಬೇಕು? ಒಮ್ಮಿ ನಾ ಮಾತಾಡಿ ನೋಡ್ಲಿ?”

“ಏನಂತ ಮಾತಾಡ್ತೀರಿ? ಅವರು ಹೇಳಿದ್ದು ಖರೇನ ಐತಿ.”

ಗೇಟಿನ ಹೊರಗೆ ನಿಂತು ಅವಳು ತಾಯಿಗೆ ಫೋನು ಮಾಡಿದಳು. “ಯವ್ವಾ, ಶೆಡ್ಡಿನ್ಯಾಗ ಆಳ ಬೇಕೇನ?”

“ಬೇಕಾಗ್ಯಾರ. ಯಾರದಾರ?”

“ನಾನ.”

ರುದ್ರವ್ವ ಕಾರಣ ಕೇಳಲಿಲ್ಲ. “ಕೂಸಿನ ಸಾಲಿ?” ಎಂದು ಕೇಳಿದಳು.

“ಅಕಿನೂ ನನ್ನ ಜೋಡಿ ಬರ್ತಾಳ,” ಎಂದಳು ನಂದಾ. ಅದಕ್ಕೆ ರುದ್ರವ್ವ, “ಅಕಿ ಬೆರಳ ಸಣ್ಣವದಾವ. ಮಣೂಕದಾಗಿನ ಕಡ್ಡಿ ಆರಸಾಕ ಚಲೋ ಆಕ್ಕಾವ,” ಎಂದಳು.