ಬಳೆ ಸದ್ದಿಗೆ ಎಷ್ಟು ಓಮ್ಸ್

ವಿಜಯಕುಮಾರನಿಗೆ ತನ್ನ ಕಿವಿಗಳ ಮೇಲಿದ್ದ ಅಭಿಮಾನ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಬಂಗಾರಪೇಟೆ ಬಜಾರಿನಲ್ಲಿ ಫ್ಯಾನು, ಮಿಕ್ಸಿ ಮಾರುವ ಅಂಗಡಿಯವನು. ಸಂಜೆ ಷಟರ್ ಎಳೆದು ಮನೆಗೆ ಬಂದನೆಂದರೆ ಮಹಾ ಪಂಡಿತ. ನಡುಮನೆಯಲ್ಲಿ ಹಳೆಯ ರೆಕಾರ್ಡುಗಳನ್ನು ಹಾಕುವ ಟರ್ನ್‌ಟೇಬಲ್ಲು, ಅದರ ಪಕ್ಕ ಫೋನೋ ಪ್ರಿ-ಆಂಪ್ ಎಂಬ ಊಟದ ಡಬ್ಬಿಯಷ್ಟು ಪೆಟ್ಟಿಗೆ. ಮುಳ್ಳು ಕೂತಿರುವ ಕಾರ್ಟ್ರಿಡ್ಜಿನಿಂದ ಬರುವ ಸಣ್ಣ ಸದ್ದನ್ನು ಈ ಪೆಟ್ಟಿಗೆ ದೊಡ್ಡದು ಮಾಡುತ್ತದೆ. ಅದರ ಬೆನ್ನಿಗೆ ಸಾಲಾಗಿ ಪುಟ್ಟ ಪುಟ್ಟ ಸ್ವಿಚ್ಚುಗಳು. ಕಾರ್ಟ್ರಿಡ್ಜಿಗೆ ಎಷ್ಟು ಲೋಡು ಕೊಡಬೇಕು ಎನ್ನುವುದನ್ನು ಅಲ್ಲಿ ಗೊತ್ತು ಮಾಡಬೇಕು. ಲೋಡಿನ ಅಳತೆಗೆ ಓಮ್ಸ್ ಎಂದು ಹೆಸರು; ಅದನ್ನು ಕಡಿಮೆ ಇಟ್ಟರೆ ಸದ್ದು ಮಂಕು, ಜಾಸ್ತಿ ಇಟ್ಟರೆ ಚೂಪು. ಎಲ್ಲಿ ನಿಲ್ಲಿಸಬೇಕೆನ್ನುವುದು ಕಿವಿ ಇದ್ದವರಿಗೆ ಮಾತ್ರ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕಿವಿ ಇಲ್ಲದವರು ಹೇಗಿರುತ್ತಾರೆಂದು ತೋರಿಸಬೇಕಾದರೆ, ಕಾಫಿ ತರುತ್ತಿದ್ದ ಹೆಂಡತಿ ಇಂದ್ರಾಣಿಯ ಕಡೆ ಗದ್ದ ಎತ್ತುತ್ತಿದ್ದ.

ಇಂಥವನ ಕೈಗೆ ಮಾವ ವೆಂಕಟರಾಯಪ್ಪ ತನ್ನ ಸತ್ತ ಹೆಂಡತಿ ಅಂಜಮ್ಮನ ದನಿಯನ್ನು ತಂದು ಒಪ್ಪಿಸಿದ.

ವೆಂಕಟರಾಯಪ್ಪ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿದು ಬದುಕಿದವನು. ಗಣಿ ಮುಚ್ಚಿದ ಮೇಲೂ ಚಾಂಪಿಯನ್ ರೀಫ್ಸಿನ ಅದೇ ಕಾರ್ಮಿಕರ ಲೈನ್ ಮನೆಯಲ್ಲಿದ್ದಾನೆ. ಅವನ ವಯಸ್ಸಿನ ಕಾಲದಲ್ಲಿ ಮೈಸೂರು ಮೈನ್ಸ್ ಗಣಿಯ ಎಲೆಕ್ಟ್ರಿಷಿಯನ್ ಒಬ್ಬ, ಖಾಲಿ ರೆಕಾರ್ಡು ತಟ್ಟೆಯ ಮೇಲೆ ಮಾತು ಕೊರೆಯುವ ಹಳೆಯ ಯಂತ್ರವನ್ನು ರಿಪೇರಿ ಮಾಡಿ, ನಡೆಯುತ್ತದೋ ಇಲ್ಲವೋ ನೋಡಲು ಎದುರಿಗೆ ಸಿಕ್ಕ ಅಂಜಮ್ಮನನ್ನು ಕೂರಿಸಿದ್ದ. ಗಂಡನಿಗೆ ಊಟ ತಂದಿದ್ದ ಅಂಜಮ್ಮ ನಾಚಿ ಮುದುಡಿದಳು. ಮೊದಲು ಅವಳ ಬಳೆಗಳ ಸದ್ದು, ಆಮೇಲೆ ನಗು, ಆಮೇಲೆ “ಏನಂತ ಏಳ್ಲಿ?” ಎಂಬ ಪ್ರಶ್ನೆ. ಕೊನೆಗೆ ದಿನಾ ಹೇಳುವುದನ್ನೇ ಹೇಳಿದಳು: “ಬನ್ರೀ ಉಣ್ಣಕ್ಕೆ, ಮುದ್ದೆ ಆರೋಯ್ತದೆ.” ಇಷ್ಟೇ. ಇಂದ್ರಾಣಿಗೆ ಇನ್ನೂ ಮಾತು ಬರುವ ಮೊದಲೇ ಅಂಜಮ್ಮ ಜ್ವರ ಬಂದು ತೀರಿಕೊಂಡಳು. ಮಗಳಿಗೆ ತಾಯಿ ಎಂದರೆ ಆ ತಟ್ಟೆ ಮಾತ್ರ.

ಮಹಾಲಯ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಈ ಮನೆಯಲ್ಲಿ ಒಂದು ಕ್ರಮ ಹೆಚ್ಚು. ಹೊಸ ಸೀರೆ ಮಡಿಸಿಟ್ಟು, ಎಡೆ ಬಡಿಸಿ, ಕಾಗೆಗೆ ಅನ್ನ ಇಟ್ಟ ಮೇಲೆ ತಟ್ಟೆ ಹಾಕಬೇಕು. ಅಂಜಮ್ಮ ಉಣ್ಣಕ್ಕೆ ಕರೆಯಬೇಕು. ಅವಳು ಕರೆದ ಮೇಲೆಯೇ ವೆಂಕಟರಾಯಪ್ಪ ಮೊದಲ ತುತ್ತು ಬಾಯಿಗಿಡುವುದು. ವರ್ಷಕ್ಕೆ ಒಂದೇ ಸಲ. ಮೆತ್ತನೆಯ ತಟ್ಟೆ, ಹಾಕಿದಷ್ಟೂ ಸವೆಯುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದನಂತೆ. ಆದರೆ ಮುದುಕನಿಗೆ ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ಫೋನಿನಲ್ಲಿ ತುಂಬಿಸಿಕೊಳ್ಳುತ್ತೇನೆ ಎಂದು ಮಗಳು ಕೇಳಿದಾಗಲೆಲ್ಲ ಬೈದಿದ್ದ.

“ಫೋನಾಗಿದ್ರೆ ದಿನಾ ಕರೀತಾಳೆ ಕಣಮ್ಮ. ದಿನಾ ಎದ್ದು ಬರಕ್ಕೆ ಅವಳ್ಗೇನು ಬ್ಯಾರೆ ಕೆಲ್ಸ ಇಲ್ವಾ?”

ಹೋದ ವರ್ಷದ ಅಮಾವಾಸ್ಯೆಗೆ ಅವನ ಹಳೆಯ ಪ್ಲೇಯರ್ ಕೆಟ್ಟು ಕೂತಿತು. ಹೇಗೋ ಕೈಯಲ್ಲೇ ತಿರುಗಿಸಿ ಕೇಳಿ ಮುಗಿಸಿದ. ತಿಂಗಳಾದ ಮೇಲೆ ತಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂಗಾರಪೇಟೆಗೆ ಬಂದ. “ಅಳಿಯಂದ್ರೇ, ಇನ್ಮೇಲೆ ಎಡೆ ನಿಮ್ಮನೇಲೇ ಇಡಾಣ. ಅಲ್ಲೀಗಂಟ ಇವಳ್ನ ಮುಟ್ಟಬ್ಯಾಡಿ,” ಎಂದು ಹೇಳಿ, ಮಗಳ ಮುಖ ನೋಡಿ, ಬಸ್ಸು ಹತ್ತಿದ.

ಬಸ್ಸು ಸ್ಟ್ಯಾಂಡ್ ದಾಟಿತ್ತೋ ಇಲ್ಲವೋ, ವಿಜಯಕುಮಾರ ತಟ್ಟೆಯ ಮೇಲೆ ಮುಳ್ಳು ಇಳಿಸಿದ.

“ಎಷ್ಟು ಮಂಕಾಗಿದೆ ನೋಡು,” ಎಂದ. “ಲೋಡ್ ಸರಿಯಾಗಿ ಕೂರಿಸಿದ್ರೆ ನಿಮ್ಮಮ್ಮ ಇಲ್ಲೇ ಕೂತಂಗೆ ಕೇಳಿಸ್ತಾಳೆ. ಆಮೇಲೆ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿ ಇಟ್ಬಿಡಾಣ, ಯಾವತ್ತೂ ಸವೆಯಲ್ಲ.”

“ಈಗಲೇ ಮಾಡ್ಬಿಡ್ರಿ ಮತ್ತೆ,” ಎಂದಳು ಇಂದ್ರಾಣಿ.

“ಸೆಟ್ಟಿಂಗ್ ಸರಿ ಇಲ್ದೆ ಮಾಡಿದ್ರೆ ಕಸ ಕಣೇ. ನಿಂಗೆ ಕಸಕ್ಕೂ ಕಸ್ತೂರಿಗೂ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೇ ಹಿಂಗಂತೀಯ.”

ಪರೀಕ್ಷೆಗೆ ಅವನು ಆರಿಸಿಕೊಂಡದ್ದು ಬಳೆ ಸದ್ದನ್ನು. ಚೂಪು ಸದ್ದು ಸರಿ ಬಂದರೆ ಉಳಿದದ್ದು ತಾನಾಗಿಯೇ ಬರುತ್ತದಂತೆ. ನೂರು ಓಮ್ಸ್ ಇಟ್ಟು ತಟ್ಟೆ ಮುಗಿಯುವವರೆಗೂ ಕೇಳಿದ. ಮಂಕು. ಇನ್ನೂರು ಮಾಡಿ ಕೇಳಿದ. ಪರವಾಗಿಲ್ಲ ಅನಿಸಿತು, ಮಾರನೆಯ ಸಂಜೆ ಕೇಳಿದರೆ ಮತ್ತೆ ಮಂಕು. ಐನೂರು, ಸಾವಿರ. ಪ್ರತಿ ಸಲವೂ ಮುಳ್ಳು ಅಂಜಮ್ಮನ ಕೈಬಳೆಯನ್ನು ಒಂದಿಷ್ಟು ತಿಂದು ಹೋಗುತ್ತಿತ್ತು. ಈ ಕಿವಿಯ ಪಂಡಿತ ಅದನ್ನು ಲೋಡಿನ ತಪ್ಪು ಎಂದುಕೊಂಡು ಇನ್ನೊಂದು ಸ್ವಿಚ್ಚು ಎತ್ತುತ್ತಿದ್ದ. ಕಾಫಿ ಹೀರುತ್ತ, ಕಾಲ ಮೇಲೆ ಕಾಲು ಹಾಕಿಕೊಂಡು, ಒಬ್ಬ ಹೆಂಗಸನ್ನು ಎರಡನೇ ಸಲ ಕೊಲ್ಲುತ್ತಿದ್ದ.

ಇಂದ್ರಾಣಿ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದಳು. ಒಂದು ಸಂಜೆ ಸೌಟು ಕೈಯಲ್ಲಿ ಹಿಡಿದೇ ಬಂದಳು. “ಬಳೆ ಎಲ್ಲಿ? ಬಳೆ ಓಯ್ತು ಕಣ್ರೀ. ಸಾಕು ನಿಲ್ಸಿ.”

“ನಿಂಗೆ ಕಿವಿ ಇದ್ರೆ ತಾನೇ ಬಳೆ ಕೇಳ್ಸಾದು!” ಎಂದು ಅವನು ನಕ್ಕ. ಮಾರನೆಯ ದಿನ ಅವಳು ತಟ್ಟೆಯನ್ನು ಬೀರುವಿನಲ್ಲಿ ಬಚ್ಚಿಟ್ಟಳು. ಅವನು ಬೀಗ ಒಡೆಸಿ ತೆಗೆದ. ಆ ವಾರವೆಲ್ಲ ಅವಳೊಂದಿಗೆ ಮಾತು ಬಿಟ್ಟ, ತಟ್ಟೆಯನ್ನು ಮಾತ್ರ ಬಿಡಲಿಲ್ಲ. ನಲವತ್ತೇಳು ಸಾವಿರ ಓಮ್ಸಿಗೆ ಬರುವ ಹೊತ್ತಿಗೆ ನಗುವೂ ಮಾತೂ ಹೋಗಿದ್ದವು. ಬರೀ ಸುರ್ರೆನ್ನುವ ಸದ್ದು. ಪಂಡಿತನ ಮುಖ ಆಗ ಬಿಳಿಚಿತು. ತಟ್ಟೆ ಸವೆದದ್ದು ಗೊತ್ತಾಗಿತ್ತು ಅವನಿಗೆ. ಅದನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಟ್ಟ.

ಅಮಾವಾಸ್ಯೆಯ ದಿನ ವೆಂಕಟರಾಯಪ್ಪ ಬಿಳಿ ಪಂಚೆ ಉಟ್ಟು, ಹೆಂಡತಿಗೆ ಹಸಿರು ಸೀರೆ ತಂದ. ರೆಕಾರ್ಡಿನ ಹುಚ್ಚಿದ್ದ ಗೆಳೆಯ ಅಂಬರೀಶನೂ ಬಂದಿದ್ದ. ಮಾವನ ತಟ್ಟೆಯನ್ನು ಹೊಸದು ಮಾಡಿದ್ದೇನೆ ಎಂದು ವಿಜಯಕುಮಾರ ತಿಂಗಳ ಹಿಂದೆಯೇ ಅವನ ಮುಂದೆ ಕೊಚ್ಚಿಕೊಂಡಿದ್ದ. ಎಡೆ ಬಡಿಸಿದ್ದಾಯಿತು. ಕಾಂಪೌಂಡಿನ ಮೇಲೆ ಕಾಗೆಗೆ ಅನ್ನ ಇಟ್ಟದ್ದಾಯಿತು. ಮುದುಕ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿದ.

ಮುಳ್ಳು ಇಳಿಯಿತು. ಸುರ್ರ್ ಎಂದಿತು. ತಟ್ಟೆ ತಿರುಗಿ ತಿರುಗಿ ಮುಗಿಯಿತು.

“ಆಕಿದ್ರಾ?” ಎಂದು ಮುದುಕ ಕಣ್ಣು ಬಿಟ್ಟ.

ವಿಜಯಕುಮಾರ ಅಂಬರೀಶನ ಮುಖ ನೋಡಿದ. “ಆಯ್ತಲ್ಲ ಮಾವ! ಎಷ್ಟು ಕ್ಲಿಯರಾಗಿ ಬಂತು, ಕೇಳಿಸ್ಲಿಲ್ವಾ?”

ಉಣ್ಣಲು ಬಂದ ಮನೆಗೆ ಎರಡು ಬಗೆಯಬಾರದೆಂದೋ ಏನೋ, ಅಂಬರೀಶನೂ “ಚೆನ್ನಾಗಿ ಬಂತು ಬಿಡಿ,” ಎಂದ.

ಮುದುಕ ಕಿವಿಗೆ ಬೆರಳು ಹಾಕಿ ತಿರುಗಿಸಿದ. “ಡ್ರಿಲ್ ಒಡ್ದೂ ಒಡ್ದೂ ಕಿವಿ ಓಯ್ತೇನೋ. ನಿಂಗ್ ಕೇಳುಸ್ತಾಮ್ಮ?” ಎಂದು ಮಗಳನ್ನು ಕೇಳಿದ.

ಅವ್ವ ಹೋದಳು ಎಂದು ತಿಳಿಯುವುದಕ್ಕಿಂತ ಕಿವಿ ಹೋಯಿತು ಎಂದುಕೊಂಡರೆ ಅಪ್ಪ ಬದುಕಿಯಾನು ಎನ್ನಿಸಿತು ಇಂದ್ರಾಣಿಗೆ. ತಲೆಯಾಡಿಸಿದಳು. “ಊಂ ಅಪ್ಪ. ಕರುದ್ಲು.”

ಅಷ್ಟರಲ್ಲಿ ಹೊರಗೆ ಕಾಗೆ ಕೂಗಿತು. ಮುದುಕ ಥಟ್ಟನೆ ಅತ್ತ ತಿರುಗಿದ. ಒಳಗೆ ಕುಕ್ಕರು ಸಣ್ಣಗೆ ಉಸಿರು ಬಿಡುತ್ತಿತ್ತು, ಅದನ್ನೂ ತಿರುಗಿ ನೋಡಿದ. ಮುಖ ಮೆಲ್ಲಗೆ ಕುಸಿಯಿತು.

“ಕಿವಿ ಸರಿಯಾಗೇ ಅದೆ,” ಎಂದ. “ಕಾಗೆ ಕೇಳ್ತದೆ. ನೀವ್ ಮಾತಾಡಾದು ಕೇಳ್ತದೆ. ನಿಮ್ಗೆಲ್ಲಾ ಅವಳ್ದೂ ಕೇಳ್ತದೆ. ನನ್ನ ಒಬ್ಬನ್ನೇ ಕರೀತಿಲ್ಲ ಅವಳು.” ಟರ್ನ್‌ಟೇಬಲ್ಲಿನ ಕಡೆ ಕೈ ಜೋಡಿಸಿದ. “ಮನೆಯಿಂದಾಚೆ ಕಳುಸ್ಬಿಟ್ಟೆ ಅಂತ ಕೋಪಾನಾ ಅಂಜೂ? ಪ್ಲೇಯರ್ ಕೆಟ್ಟೋಗಿತ್ತು ಕಣೇ.”

ಇಂದ್ರಾಣಿ ಅವನ ಕಾಲ ಬಳಿ ಕುಸಿದು ಕೂತಳು. “ಸುಳ್ಳು ಏಳ್ದೆ ಅಪ್ಪ! ಯಾರ್ಗೂ ಏನೂ ಕೇಳುಸ್ಲಿಲ್ಲ. ಇವ್ರು ದಿನಾ ಆಕಿ ಆಕಿ ತಟ್ಟೆ ಸವ್ಸಿಬಿಟ್ರು. ಅವ್ವನ ಕೋಪ ಅಲ್ಲಪ್ಪ.”

ಮುದುಕ ಅವಳ ತಲೆ ಸವರಿದ. “ನಂಗ್ ಸಮಾಧಾನ ಮಾಡಕ್ಕೆ ಗಂಡುನ್ ಮೇಲೆ ಆಕ್ಬ್ಯಾಡ ಮಗಾ. ಈಗ್ ತಾನೇ ಕರುದ್ಲು ಅಂದ್ಯಲ್ಲ.” ಅಳಿಯನ ಕಡೆ ತಿರುಗಿದ. “ನೀವ್ ಏಳಿ. ನೀವ್ ಏಳಿದ್ರೆ ನಂಬ್ತೀನಿ. ಸವ್ದೋಗದಾ?”

ಒಂದು ಮಾತು ಸಾಕಿತ್ತು. ವಿಜಯಕುಮಾರ ಅಂಬರೀಶನನ್ನು ನೋಡಿದ, ಪ್ರಿ-ಆಂಪ್ ನೋಡಿದ.

“ಇಲ್ಲ ಮಾವ. ಚೆನ್ನಾಗೇ ಇದೆ.”

ವೆಂಕಟರಾಯಪ್ಪ ಎಲೆಯನ್ನು ಮುಟ್ಟದೆ ಎದ್ದ. ಮಗಳು ಪಂಚೆ ಹಿಡಿದುಕೊಂಡಳು, ಬಿಡಿಸಿಕೊಂಡ. “ಕರೀದೆ ಎಂಗಮ್ಮ ಉಣ್ಲಿ?” ಎಂದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಒಂದು ಸಲ ಹಿಂದೆ ನೋಡಿದ. “ಬರೋ ವರ್ಸ ಎಡೆ ಇಡಿ. ನನ್ಗೇಳ್ಬ್ಯಾಡಿ. ನಾನಿಲ್ದಿದ್ರೆ ಬಂದು ಒಟ್ಟೆ ತುಂಬ ಉಂಡೋಗ್ತಾಳೆ.”

“ಓಗಿ,” ಎಂದು ಇಂದ್ರಾಣಿ ಗಂಡನ ಎದೆಗೆ ಕೈ ಇಟ್ಟು ತಳ್ಳಿದಳು. “ಓಗಿ ಏಳ್ರೀ, ನಿಮ್ ಕಾಲ್ ಇಡ್ಕಂತೀನಿ.”

ವಿಜಯಕುಮಾರ ಗೇಟಿನವರೆಗೆ ಹೋದ. ಮುದುಕ ಆಟೋ ಹತ್ತಲು ಕಾಲು ಎತ್ತಲಾಗದೆ ಕಂಬಿ ಹಿಡಿದು ನಿಂತಿದ್ದ. ವಿಜಯಕುಮಾರ ಅದನ್ನು ನೋಡಿದ. ತಿರುಗಿ ಬಂದು, ಬಾಗಿಲು ಹಾಕಿ, “ಆಗಲೇ ಹೊರಟೋಗಿದ್ರು,” ಎಂದು ಹೇಳಿ ಅಂಬರೀಶನ ಪಕ್ಕದ ಎಲೆಯ ಮುಂದೆ ಊಟಕ್ಕೆ ಕೂತ.